ಬಜರ್ ಬೇಗ ಒತ್ತಿದ ಹುಡುಗನನ್ನು ತಂಡದಿಂದ ತೆಗೆಯಬೇಕಾ?

ಓದುಗರ ಪ್ರಶ್ನೆ

ನಾನು ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಟಿವಿಯ ಶಾಲಾ ಕ್ವಿಜ್ ಒಂದಕ್ಕೆ ಈಚೆಗೆ ಹಾಸನದಲ್ಲಿ ಆಯ್ಕೆ ಸುತ್ತು ನಡೆಯಿತು. ಆರು ತಂಡ, ತಂಡಕ್ಕೆ ಮೂವರು. ನಮ್ಮ ಮಕ್ಕಳು ಬರೀ 5 ಅಂಕದಲ್ಲಿ ಮೊದಲ ಸ್ಥಾನ ಕಳೆದುಕೊಂಡರು. ಎರಡನೇ ಸ್ಥಾನಕ್ಕೂ ಬೆಂಗಳೂರಿನ ರೆಕಾರ್ಡಿಂಗ್‌ಗೆ ಕರೆ ಬಂದಿದೆ. ಆದರೂ ಯಾರಿಗೂ ಸಮಾಧಾನ ಇಲ್ಲ.

ಗೆದ್ದ ತಂಡ ಕೂತಿದ್ದು ತೀರಾ ಹಿಂದೆ ಬಿದ್ದ ತಂಡದ ಪಕ್ಕದಲ್ಲಿ. ಅವರು ಬಿಟ್ಟ ಪ್ರಶ್ನೆಗಳೆಲ್ಲ ಇವರ ಪಾಲಾದವು. ಬಜರ್ ಸುತ್ತಿನಲ್ಲಿ ಒಂದು ಪ್ರಶ್ನೆ ಬಂತು: '2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೂರು ಹೊಯ್ಸಳ ದೇವಾಲಯಗಳಲ್ಲಿ ಬೇಲೂರು, ಹಳೇಬೀಡಿನವು ಹಾಸನ ಜಿಲ್ಲೆಯಲ್ಲಿವೆ. ಮೂರನೆಯದು ಯಾವ ಜಿಲ್ಲೆಯಲ್ಲಿದೆ?' ನಮ್ಮ ಊರಿನ ವಿಷಯ ಅಂತ, ಪ್ರಶ್ನೆ ಓದುವವರು 'ಹಳೇಬೀಡು' ಅನ್ನುವಷ್ಟರಲ್ಲೇ ನಮ್ಮ ಹುಡುಗ ಬಜರ್ ಒತ್ತಿ 'ಸೋಮನಾಥಪುರ' ಎಂದುಬಿಟ್ಟ. 5 ಅಂಕ ಕಳೆದರು. ಪ್ರಶ್ನೆ ಪೂರ್ತಿ ಓದದೆ ಮೈನಸ್ ಹಾಕೋದು ಯಾವ ನ್ಯಾಯ? ಇನ್ನೊಂದು ಪ್ರಶ್ನೆಗೆ ನಮ್ಮ ಹುಡುಗಿ ಸರಿ ಉತ್ತರ ಹೇಳಿದ್ದಳು. ಕ್ಯಾಪ್ಟನ್ ಬೇರೆ ಹೇಳಿದ. ಅವನದ್ದನ್ನೇ ತೆಗೆದುಕೊಂಡರು. ಕನ್ನಡದ ಅತಿ ಹಳೆಯ ಶಾಸನ ಯಾವುದು ಅಂದಾಗ ಮಕ್ಕಳು 'ತಾಳಗುಂದ' ಎಂದರು. 'ಹಲ್ಮಿಡಿ' ಸರಿ ಎಂದರು. ಕಾರ್ಯಕ್ರಮ ಮುಗಿದ ಮೇಲೆ ಕೇಳಿದರೆ ಈಗ ಏನೂ ಮಾಡೋಕಾಗಲ್ಲ ಎಂದರು.

ರೆಕಾರ್ಡಿಂಗ್‌ನ ನಿಯಮದ ಹಾಳೆ ಬಂದಿದೆ. ನಾಲ್ಕು ತಂಡ. ಡೈರೆಕ್ಟ್ ಮತ್ತು ಪಾಸ್ ಸುತ್ತು, ಆಡಿಯೊ ವಿಡಿಯೊ, 60 ಸೆಕೆಂಡಿನ ರಾಪಿಡ್ ಫೈರ್, ಕೊನೆಗೆ ಬಜರ್ (ಸರಿಗೆ 10, ತಪ್ಪಿಗೆ 5 ಕಡಿತ). ಹೆಡ್‌ಮಾಸ್ಟರು ಬಜರ್ ಒತ್ತಿದ ಹುಡುಗನನ್ನು ತೆಗೆದು ಕ್ಲಾಸಿಗೆ ಫಸ್ಟ್ ಬರುವವಳನ್ನು ಹಾಕಿ ಅನ್ನುತ್ತಿದ್ದಾರೆ. ಹುಡುಗನೂ ನಾನು ಬರಲ್ಲ ಅನ್ನುತ್ತಿದ್ದಾನೆ. ಒಬ್ಬ ಪೋಷಕರಂತೂ 'ಟಿವಿ ಕ್ವಿಜ್ ಎಲ್ಲ ಮೊದಲೇ ಫಿಕ್ಸ್, ಸುಮ್ನೆ ಯಾಕೆ ಅಲೀತೀರಿ' ಅನ್ನುತ್ತಾರೆ. ಏನು ಮಾಡಲಿ?

ಉತ್ತರ

ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಹಾಸನದಲ್ಲಿ ಮಕ್ಕಳಿಗೆ ಅನ್ಯಾಯ ಆಯಿತಾ ಅನ್ನೋದು ಒಂದು. ಬೆಂಗಳೂರಿಗೆ ಯಾರನ್ನು ಕರೆದುಕೊಂಡು ಹೋಗಬೇಕು ಅನ್ನೋದು ಇನ್ನೊಂದು. ಶಾಲಾ ಕ್ವಿಜ್‌ಗಳಿಗೆ ಪ್ರಶ್ನೆ ಬರೆಯುವುದು, ಅಂಕದ ನಿಯಮ ಕೂರಿಸುವುದು ನನ್ನ ಕೆಲಸ. ಅದರಿಂದ ಹೇಳುತ್ತಿದ್ದೇನೆ: ನಿಮ್ಮ ನಾಲ್ಕು ದೂರುಗಳಲ್ಲಿ ಪಕ್ಕದ ತಂಡದ ದೂರು ನಿಜವಾದದ್ದು. ಶಾಸನದ್ದು ಸಮಯಕ್ಕೆ ಕೇಳದೆ ಕೈತಪ್ಪಿದ್ದು. ಬಜರ್ ಮತ್ತು ಕ್ಯಾಪ್ಟನ್ ವಿಷಯದಲ್ಲಿ ನಿಯಮ ಸರಿಯಾಗಿಯೇ ನಡೆದಿದೆ. ಮಕ್ಕಳಿಗೆ ಆ ನಿಯಮದ ಅಭ್ಯಾಸ ಇರಲಿಲ್ಲ, ಅಷ್ಟೆ.

ಅಭ್ಯಾಸ ಇಲ್ಲದೆ ಇರೋದಕ್ಕೆ ಕಾರಣವೂ ಇದೆ. ನಮ್ಮ ಮನೆಗಳಲ್ಲಿ ಕ್ವಿಜ್ ಅಂದರೆ ಒಬ್ಬರೇ ಕೂತು ಉತ್ತರಿಸೋದು. ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸುತ್ತಾ ಬಂದ 'ಥಟ್ ಅಂತ ಹೇಳಿ' ನೋಡಿ ಬೆಳೆದ ಮಕ್ಕಳು ಇವರು. ಅಲ್ಲಿ ಸ್ಪರ್ಧಿ ಒಬ್ಬೊಬ್ಬರೇ. 2000ದಲ್ಲಿ ಶುರುವಾದ 'ಕೌನ್ ಬನೇಗಾ ಕರೋಡ್‌ಪತಿ'ಯಲ್ಲೂ ಬಿಸಿ ಕುರ್ಚಿ ಒಬ್ಬರಿಗೇ. ತಂಡದ ಕ್ವಿಜ್‌ನ ದಾರಿ ಬೇರೆ. ಅಮೆರಿಕದ ರೇಡಿಯೊದಲ್ಲಿ 1953ರಲ್ಲಿ ಶುರುವಾದ 'ಕಾಲೇಜ್ ಬೌಲ್' ನೋಡಿ 1962ರಲ್ಲಿ ಬ್ರಿಟನ್‌ನಲ್ಲಿ 'ಯೂನಿವರ್ಸಿಟಿ ಚಾಲೆಂಜ್' ಬಂತು. ನಮ್ಮಲ್ಲಿ ದೂರದರ್ಶನದಲ್ಲಿ 1985ರಲ್ಲಿ ಸಿದ್ಧಾರ್ಥ ಬಸು ಅವರ 'ಕ್ವಿಜ್ ಟೈಮ್' ಕಾಲೇಜು ತಂಡಗಳನ್ನು ಕೂರಿಸಿತು. ಬೋರ್ನ್‌ವಿಟಾ ಕ್ವಿಜ್‌ನಲ್ಲಿ ಶಾಲೆಗೆ ಇಬ್ಬರು. ತಂಡ ಕೂತ ತಕ್ಷಣ ಎರಡು ವಿಷಯ ಹೊಸದಾಗಿ ಸೇರಿಕೊಳ್ಳುತ್ತವೆ. ಈ ಪ್ರಶ್ನೆಯ ಸರದಿ ಯಾರದು, ತಂಡದ ಪರವಾಗಿ ಮಾತಾಡೋದು ಯಾರು. ಉತ್ತರ ಗೊತ್ತಿದ್ದೂ ಸೋಲುವ ತಂಡಗಳು ಹೆಚ್ಚಾಗಿ ಎಡವುವುದು ಈ ಎರಡರಲ್ಲೇ.

ಮೊದಲು ಸರದಿಯ ವಿಷಯ. ಒಂದು, ಎರಡು, ಮೂರು ಎಂದು ಒಂದೇ ದಿಕ್ಕಿನಲ್ಲಿ ಪ್ರಶ್ನೆ ಹೋದರೆ, ದುರ್ಬಲ ತಂಡದ ಮುಂದಿನ ಮೇಜಿನವರಿಗೆ ಪಾಸ್ ಪ್ರಶ್ನೆ, ಅಂದರೆ ಅವರು ಬಿಟ್ಟ ಪ್ರಶ್ನೆ, ಜಾಸ್ತಿ ಸಿಗುತ್ತದೆ. ಇದು ಅದೃಷ್ಟದ ಮಾತಲ್ಲ, ಲೆಕ್ಕ. ಚೀಟಿ ಎತ್ತಿ ಮೇಜು ಕೊಟ್ಟರೂ ಆ ಲಾಭ ಹಾಗೇ ಇರುತ್ತದೆ, ಯಾರಿಗೆ ಹೋಯಿತು ಅನ್ನೋದಷ್ಟೇ ಬದಲಾಗುತ್ತದೆ. ಅದಕ್ಕೇ ಅರ್ಧ ಸುತ್ತನ್ನು ಎಡದಿಂದ ಬಲಕ್ಕೆ, ಇನ್ನರ್ಧವನ್ನು ಬಲದಿಂದ ಎಡಕ್ಕೆ ನಡೆಸುತ್ತಾರೆ. ಇನ್ನೂ ಒಳ್ಳೆಯ ಪದ್ಧತಿ ಒಂದಿದೆ, ಕ್ವಿಜ್ ವಲಯದಲ್ಲಿ 'ಇನ್ಫಿನಿಟ್ ಬೌನ್ಸ್' ಅನ್ನುತ್ತಾರೆ. ಪ್ರಶ್ನೆ ಒಂದನೇ ತಂಡದಿಂದ ಶುರುವಾಗಿ ನಾಲ್ಕನೇ ತಂಡ ಉತ್ತರ ಹೇಳಿತು ಅಂದುಕೊಳ್ಳಿ. ಮಾಮೂಲಿ ಪದ್ಧತಿಯಲ್ಲಿ ಮುಂದಿನ ಪ್ರಶ್ನೆ ಎರಡನೇ ತಂಡಕ್ಕೆ. ಇನ್ಫಿನಿಟ್ ಬೌನ್ಸ್‌ನಲ್ಲಿ ಐದನೇ ತಂಡಕ್ಕೆ. ಅಂದರೆ ಪಾಸ್ ಪ್ರಶ್ನೆಗೆ ಉತ್ತರ ಹೇಳಿದವರು ಸರದಿಯಲ್ಲಿ ಕೊನೆಗೆ ಹೋಗುತ್ತಾರೆ. ಒಂದೇ ತಂಡ ಪಕ್ಕದವರು ಬಿಟ್ಟದ್ದನ್ನೇ ನೆಚ್ಚಿಕೊಂಡು ಮೇಲೇರುವುದು ಕಷ್ಟವಾಗುತ್ತದೆ. ಹಾಸನದ ಸುತ್ತು ಒಂದೇ ದಿಕ್ಕಿನಲ್ಲಿ ನಡೆದಿದ್ದರೆ ನಿಮ್ಮ ದೂರು ಸರಿ. ಆದರೆ ಆ ಫಲಿತಾಂಶ ಈಗ ಬದಲಾಗಲ್ಲ. ನಿಮ್ಮ ಹಾಳೆಯಲ್ಲಿ ದಿಕ್ಕಿನ ಮಾತೇ ಇಲ್ಲ. ಈಗಲೇ ಆಯೋಜಕರಿಗೆ ಒಂದು ಸಾಲು ಬರೆದು ಕೇಳಿ: ಪಾಸ್ ಯಾವ ದಿಕ್ಕಿಗೆ, ಮಧ್ಯದಲ್ಲಿ ತಿರುಗಿಸುತ್ತೀರಾ, ಪಾಸ್ ಪ್ರಶ್ನೆಗೆ ಅಂಕ ಎಷ್ಟು, ಪಾಸ್ ಪ್ರಶ್ನೆಗೆ ತಪ್ಪು ಹೇಳಿದರೆ ಕಡಿತ ಇದೆಯಾ. ಮೊದಲೇ ಕೇಳಿದರೆ ಅದು ವಿಚಾರಣೆ. ಸೋತ ಮೇಲೆ ಕೇಳಿದರೆ ತಕರಾರು ಅನ್ನಿಸಿಕೊಳ್ಳುತ್ತದೆ.

ಕ್ಯಾಪ್ಟನ್ ವಿಷಯ ಬೇಗ ಮುಗಿಸುತ್ತೇನೆ. ಮೂವರು ಮೂರು ಉತ್ತರ ಹೇಳಿ ಒಂದು ಸರಿಯಾದರೆ ಅಂಕ ಕೊಡಬೇಕು ಅಂದರೆ ಕ್ವಿಜ್ ನಡೆಯೋಲ್ಲ. ಅದಕ್ಕೇ ಒಬ್ಬರ ಮಾತನ್ನೇ ತಂಡದ ಮಾತು ಅನ್ನುತ್ತಾರೆ. ಯೂನಿವರ್ಸಿಟಿ ಚಾಲೆಂಜ್‌ನಲ್ಲಿ ನಾಲ್ವರ ತಂಡ. ಮೊದಲ ಪ್ರಶ್ನೆಗೆ 10 ಅಂಕ, ಅದಕ್ಕೆ ಯಾರೂ ಮಾತಾಡಿಕೊಳ್ಳುವಂತಿಲ್ಲ, ಬಜರ್ ಒತ್ತಿದವರೇ ಉತ್ತರಿಸಬೇಕು. ಸರಿ ಹೇಳಿದ ತಂಡಕ್ಕೆ 5 ಅಂಕದ ಮೂರು ಬೋನಸ್ ಪ್ರಶ್ನೆ. ಅಲ್ಲಿ ಪಿಸುಗುಟ್ಟಬಹುದು, ಆದರೆ ಉತ್ತರ ಕ್ಯಾಪ್ಟನ್ ಬಾಯಿಂದ ಬರಬೇಕು, ಇಲ್ಲವೇ ಅವರು ಇಂಥವರು ಹೇಳಲಿ ಎಂದು ಹೆಸರು ಹೇಳಬೇಕು. ನಿಮ್ಮ ಹುಡುಗಿಗೂ ಇದೇ ಬೇಕಿತ್ತು. ಅವಳಿಗೆ ಖಾತ್ರಿ ಇದ್ದದ್ದು ಕ್ಯಾಪ್ಟನ್‌ಗೆ ಗೊತ್ತಾಗಲಿಲ್ಲ. ನಾನು ಮಕ್ಕಳಿಗೆ ಒಂದು ಸಂಜ್ಞೆ ಹೇಳಿಕೊಡುತ್ತೇನೆ. ನೂರಕ್ಕೆ ನೂರು ಗೊತ್ತಿದ್ದರೆ ಅಂಗೈ ಮೇಜಿನ ಮೇಲೆ ಪೂರ್ತಿ ಊರಬೇಕು. ಊಹೆ ಆದರೆ ಒಂದು ಬೆರಳು. ಕ್ಯಾಪ್ಟನ್ ಅಂಗೈ ಕಂಡ ಕೂಡಲೇ ತನ್ನ ಉತ್ತರ ಬಿಟ್ಟು ಅವರ ಉತ್ತರ ಹೇಳಬೇಕು, ಚರ್ಚೆ ಇಲ್ಲ. ಒಂದು ವಾರ ಅಭ್ಯಾಸ ಮಾಡಿಸಿದರೆ ಕೂತುಬಿಡುತ್ತದೆ. ಇನ್ನು, ಜಾಸ್ತಿ ಗೊತ್ತಿರುವವರೇ ಕ್ಯಾಪ್ಟನ್ ಆಗಬೇಕಿಲ್ಲ. ಬೇರೆಯವರ ಮಾತು ಕೇಳುವ ಮಗು ಆ ಕುರ್ಚಿಗೆ ಒಳ್ಳೆಯದು.

ಈಗ ಬಜರ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಬಜರ್ ಯಂತ್ರ ಮಾಡುವ ಕೆಲಸ ಒಂದೇ. ಮೊದಲು ಒತ್ತಿದವರ ದೀಪ ಹತ್ತಿದ ಕೂಡಲೇ ಉಳಿದ ಬಜರ್‌ಗಳು ಲಾಕ್ ಆಗುತ್ತವೆ. ಹಾಗಾಗಿ ಸಭೆಯಲ್ಲಿ ಕೂತವರಿಗೆ ಇಬ್ಬರೂ ಒಟ್ಟಿಗೆ ಒತ್ತಿದ ಹಾಗೆ ಕಂಡರೂ ದೀಪ ಒಂದೇ ಹತ್ತುತ್ತದೆ. ಅದರ ಮೇಲೆ ವಾದ ಮಾಡಿ ಪ್ರಯೋಜನ ಇಲ್ಲ. ಶುರುವಾಗುವ ಮೊದಲು ನಿಮ್ಮ ಬಜರ್ ಒತ್ತಿ ನೋಡಲು ಕೇಳಿ, ಅದು ನಿಮ್ಮ ಹಕ್ಕು.

ಪ್ರಶ್ನೆ ಪೂರ್ತಿ ಓದದೆ ಮೈನಸ್ ಯಾಕೆ ಅಂದಿರಿ. ಮೈನಸ್ ಇರೋದೇ ಅದಕ್ಕೆ. ಯೂನಿವರ್ಸಿಟಿ ಚಾಲೆಂಜ್‌ನಲ್ಲಿ ಪ್ರಶ್ನೆಯ ಮಧ್ಯದಲ್ಲಿ ಒತ್ತಿ ತಪ್ಪು ಹೇಳಿದರೆ 5 ಅಂಕ ಹೋಗುತ್ತದೆ. ಪೂರ್ತಿ ಕೇಳಿ ತಪ್ಪು ಹೇಳಿದರೆ ಏನೂ ಹೋಗಲ್ಲ. ಅಂದರೆ ಅಲ್ಲಿ ಕಡಿತ ತಪ್ಪು ಉತ್ತರಕ್ಕಲ್ಲ, ಬೇರೆಯವರ ಕಿವಿಗೆ ಬೀಳುವ ಮೊದಲೇ ಪ್ರಶ್ನೆಯನ್ನು ನಿಲ್ಲಿಸಿದ್ದಕ್ಕೆ. ಅದಿಲ್ಲದಿದ್ದರೆ ಎಲ್ಲರೂ ಮೊದಲ ಪದಕ್ಕೇ ಒತ್ತಿ ಅದೃಷ್ಟ ನೋಡುತ್ತಾರೆ. ನಮ್ಮಲ್ಲಿ ಬಹಳ ಕಡೆ ಈ ವ್ಯತ್ಯಾಸ ಮಾಡೋಲ್ಲ, ಯಾವಾಗ ಒತ್ತಿ ತಪ್ಪಾದರೂ ಕಡಿತವೇ. ನಿಮ್ಮ ಹಾಳೆಯಲ್ಲಿ 'ತಪ್ಪಿಗೆ 5 ಕಡಿತ' ಎಂದಷ್ಟೇ ಇದೆ. ಇದನ್ನೂ ಬಿಡಿಸಿ ಕೇಳಿ. ಪೂರ್ತಿ ಕೇಳಿದ ಮೇಲೆ ಕಡಿತ ಇಲ್ಲ ಅಂದರೆ ಮಕ್ಕಳು ಊಹೆಯ ಉತ್ತರಕ್ಕೂ ಧೈರ್ಯವಾಗಿ ಒತ್ತಬಹುದು.

ಮೈನಸ್ ಇದ್ದರೆ ಬಜರ್ ಮುಟ್ಟಬೇಡಿ ಅನ್ನುವ ಮೇಷ್ಟ್ರುಗಳಿದ್ದಾರೆ. ಅದೂ ತಪ್ಪು. ಸರಿಗೆ 10, ತಪ್ಪಿಗೆ 5 ಅಂದರೆ ಮೂರು ಸಲ ಒತ್ತಿ ಒಂದು ಸರಿ, ಎರಡು ತಪ್ಪಾದರೂ ಲೆಕ್ಕ ಸೊನ್ನೆಗೆ ಬರುತ್ತದೆ. ಅರ್ಧಕ್ಕರ್ಧ ಖಾತ್ರಿ ಇದ್ದರೆ ಒತ್ತುವುದೇ ಲಾಭ. ತಪ್ಪಿಗೂ 10 ಕಳೆಯುವ ಕಡೆ ಮಾತ್ರ ಅರ್ಧಕ್ಕಿಂತ ಹೆಚ್ಚು ಖಾತ್ರಿ ಬೇಕು. ಹಾಳೆಯಲ್ಲಿ ಕಾಣದ ಇನ್ನೊಂದು ನಷ್ಟವೂ ಇದೆ. ನೀವು ಮಧ್ಯದಲ್ಲಿ ಒತ್ತಿ ತಪ್ಪಿದರೆ ಪ್ರಶ್ನೆಯನ್ನು ಉಳಿದವರಿಗೆ ಪೂರ್ತಿ ಓದುತ್ತಾರೆ, ನಿಮ್ಮ ಪೈಪೋಟಿ ಇಲ್ಲದೆ. ನಿಮ್ಮ ಹುಡುಗನ 'ಸೋಮನಾಥಪುರ' ಕೇಳಿದ ಮೇಲೆ ಬೇರೆ ತಂಡಕ್ಕೆ ಮೈಸೂರು ಜಿಲ್ಲೆ ಅನ್ನೋದು ಎಷ್ಟು ಸುಲಭವಾಗಿರಬೇಕು ನೋಡಿ.

ಕೊನೆಯ ಒಂದೆರಡು ಪ್ರಶ್ನೆಗೆ ಲೆಕ್ಕವೇ ಬೇರೆ. ಬಜರ್ ಸುತ್ತೇ ಕೊನೆಯದು ಆದ್ದರಿಂದ ಇದು ನಿಮಗೆ ಬೇಕಾಗುತ್ತದೆ. ಕೊನೆಯ ಪ್ರಶ್ನೆ, ನೀವು 10 ಅಂಕ ಮುಂದೆ ಇದ್ದೀರಿ ಅಂದುಕೊಳ್ಳಿ. ಸುಮ್ಮನೆ ಕೂತರೆ, ಎರಡನೇ ತಂಡ ಸರಿ ಹೇಳಿದರೂ ಸಮ ಆಗುತ್ತದೆ, ಟೈ ಬ್ರೇಕರ್ ಸಿಗುತ್ತದೆ. ಒತ್ತಿ ತಪ್ಪಿದರೆ ಮುನ್ನಡೆ 5ಕ್ಕೆ ಇಳಿಯುತ್ತದೆ, ಅವರು ಸರಿ ಹೇಳಿದರೆ ನೀವು 5 ಅಂಕದಲ್ಲಿ ಸೋಲುತ್ತೀರಿ. 20 ಅಂಕ ಮುಂದೆ ಇದ್ದರೆ ಕೈ ಬಜರ್ ಹತ್ತಿರವೂ ಹೋಗಬಾರದು. 5 ಅಂಕ ಹಿಂದೆ ಇದ್ದರೆ ಮಾತ್ರ ಊಹೆಗೂ ಒತ್ತಲೇಬೇಕು, ಕಳೆದುಕೊಳ್ಳೋಕೆ ಏನೂ ಇಲ್ಲ. ಇದನ್ನು ಆ ಕ್ಷಣದಲ್ಲಿ ಯಾರು ಲೆಕ್ಕ ಹಾಕುತ್ತಾರೆ? ಅದಕ್ಕೇ ಮೂವರಲ್ಲಿ ಒಬ್ಬರಿಗೆ ಅಂಕ ನೋಡಿಕೊಳ್ಳುವ ಕೆಲಸ ಮೊದಲೇ ಕೊಡಿ. ಕೊನೆಯ ಮೂರು ಪ್ರಶ್ನೆ ಬಂದಾಗ 'ಒತ್ತಬೇಡ' ಅಥವಾ 'ಒತ್ತು' ಎಂದು ಅವರು ಪಿಸುಗುಟ್ಟಿದರೆ ಸಾಕು.

ನಾನು ಪ್ರಶ್ನೆ ಬರೆಯುವವನಾಗಿ ಇನ್ನೊಂದು ಮಾತು ಹೇಳಬೇಕು. ಕನ್ನಡದಲ್ಲಿ ಯಾರು, ಯಾವ, ಎಷ್ಟು ಅನ್ನುವುದು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷ್‌ನಲ್ಲಿ ಬಹಳ ಸಲ ಮೊದಲ ಪದದಲ್ಲೇ ಏನು ಕೇಳುತ್ತಿದ್ದಾರೆ ಅನ್ನೋದು ಗೊತ್ತಾಗುತ್ತದೆ. ನಮ್ಮಲ್ಲಿ ವಿಷಯ ಮೊದಲು, ಕೇಳುವುದು ಕೊನೆಗೆ. ಹಾಗಾಗಿ ಕನ್ನಡ ಕ್ವಿಜ್‌ನಲ್ಲಿ ಬೇಗ ಒತ್ತುವವರಿಗೆ ಅಪಾಯ ಜಾಸ್ತಿ. ನಾವು ಪ್ರಶ್ನೆ ಬರೆಯುವವರು ತಿರುವನ್ನೂ ಅಲ್ಲೇ ಇಡುತ್ತೇವೆ. ಒಂದು ಉದಾಹರಣೆ: 'ಕುಪ್ಪಳಿಯ ಮನೆತನದ ಕವಿ ಕುವೆಂಪು ಹುಟ್ಟಿದ್ದು ತಾಯಿಯ ತವರಿನಲ್ಲಿ. ಆ ಊರು ಈಗ ಯಾವ ಜಿಲ್ಲೆಯಲ್ಲಿದೆ?' 'ಕುವೆಂಪು ಹುಟ್ಟಿದ್ದು' ಅನ್ನುವಾಗಲೇ ಒತ್ತಿದವರು ಶಿವಮೊಗ್ಗ ಅನ್ನುತ್ತಾರೆ. ಪೂರ್ತಿ ಕೇಳಿದವರಿಗೆ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ ನೆನಪಾಗಿ ಚಿಕ್ಕಮಗಳೂರು ಅನ್ನುತ್ತಾರೆ. ನಿಮ್ಮ ಹುಡುಗ ಬಿದ್ದದ್ದು ಇಂಥ ತಿರುವಿಗೇ. ಅವನಿಗೆ ಸೋಮನಾಥಪುರ ಗೊತ್ತಿತ್ತು. ಅದು ಮೈಸೂರು ಜಿಲ್ಲೆಯಲ್ಲಿದೆ ಅನ್ನೋದೂ ಗೊತ್ತಿದ್ದೀತು. ಏನು ಕೇಳುತ್ತಾರೆ ಅನ್ನೋದು ಮಾತ್ರ ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ.

ಶಾಸನದ ಪ್ರಶ್ನೆ ಓದಿ ನನಗೆ ಬೇಜಾರಾಯಿತು, ಯಾಕಂದರೆ ಅದು ಪ್ರಶ್ನೆ ಬರೆದವರ ತಪ್ಪು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಸುಮಾರು ಕ್ರಿ.ಶ. 450ರದ್ದು ಎಂದು ಓದುತ್ತಾ ಬಂದಿದ್ದೇವೆ. ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ (ಸಿಂಹದ ಕೆತ್ತನೆಯ ಕಟಕಟೆ) ಶಾಸನವನ್ನು ಕ್ರಿ.ಶ. 370ರದ್ದು ಎಂದು ಗುರುತಿಸಿದ ಮೇಲೆ ಹಲ್ಮಿಡಿಯ ಮೊದಲ ಸ್ಥಾನಕ್ಕೆ ಪ್ರಶ್ನೆ ಬಂದಿದೆ. ಇಂಥ ಪ್ರಶ್ನೆಯನ್ನು ಕಾಲ ಅಥವಾ ಸ್ಥಳದ ಸುಳಿವು ಕೊಟ್ಟು ಬರೆಯಬೇಕು, ಇಲ್ಲವೇ ಎರಡಕ್ಕೂ ಅಂಕ ಕೊಡಬೇಕು. ನಿಮ್ಮ ಮಕ್ಕಳು ಹೊಸ ಸಂಗತಿ ಓದಿಕೊಂಡಿದ್ದರು ಅನ್ನೋದನ್ನು ಅವರ ಮುಂದೆ ಹೇಳಿ. ಆದರೆ ಆಕ್ಷೇಪಕ್ಕೆ ಒಂದು ಹೊತ್ತಿದೆ. ಬಹುತೇಕ ಕ್ವಿಜ್‌ಗಳಲ್ಲಿ ಮುಂದಿನ ಪ್ರಶ್ನೆ ಓದುವ ಮೊದಲು ಕ್ಯಾಪ್ಟನ್ ಕೈ ಎತ್ತಬೇಕು. ಅಷ್ಟರೊಳಗೆ ಎತ್ತಿದರೆ ತೀರ್ಪುಗಾರರು ಕೂತು ನೋಡುತ್ತಾರೆ. ಅಂಕ ಮುಂದೆ ಸಾಗಿದ ಮೇಲೆ ಯಾರೂ ಹಿಂದಕ್ಕೆ ಹೋಗಲ್ಲ. ಮೇಷ್ಟ್ರು ಸಭೆಯಿಂದ ಕೂಗಿದರೆ ತಂಡಕ್ಕೇ ಕೆಟ್ಟ ಹೆಸರು, ಕೆಲವು ಕಡೆ ಪ್ರಶ್ನೆಯನ್ನೇ ರದ್ದು ಮಾಡುತ್ತಾರೆ. ಆದ್ದರಿಂದ ಕ್ಯಾಪ್ಟನ್‌ಗೆ ಒಂದು ವಾಕ್ಯ ಬಾಯಿಪಾಠ ಮಾಡಿಸಿ: 'ಸರ್, ಈ ಉತ್ತರವನ್ನು ದಯವಿಟ್ಟು ಇನ್ನೊಮ್ಮೆ ಪರಿಶೀಲಿಸುತ್ತೀರಾ, ನಮ್ಮ ಬಳಿ ಕಾರಣ ಇದೆ.' ಅದು ಸಾಕು.

ಫಿಕ್ಸ್ ಅನ್ನುವ ಮಾತು. ಇದು ಪೂರ್ತಿ ಗಾಳಿಮಾತು ಅನ್ನೋಕಾಗಲ್ಲ, ಹಿಂದೆ ನಡೆದದ್ದಿದೆ. ಅಮೆರಿಕದ 'ಟ್ವೆಂಟಿ ಒನ್' ಅನ್ನುವ ಕಾರ್ಯಕ್ರಮದಲ್ಲಿ ಸ್ಪರ್ಧಿಗಳಿಗೆ ಮೊದಲೇ ಉತ್ತರ ಕೊಟ್ಟಿದ್ದರು. ಗೆದ್ದು ಹೆಸರಾಗಿದ್ದ ಚಾರ್ಲ್ಸ್ ವ್ಯಾನ್ ಡೋರೆನ್ 1959ರಲ್ಲಿ ಅಲ್ಲಿನ ಸಂಸತ್ ಸಮಿತಿಯ ಮುಂದೆ ಒಪ್ಪಿಕೊಂಡರು. ಮರುವರ್ಷವೇ ಕ್ವಿಜ್‌ನಲ್ಲಿ ಮೋಸ ಮಾಡುವುದು ಅಪರಾಧ ಎಂದು ಕಾನೂನು ತಂದರು. ನಮ್ಮ ಜನರಿಗೆ ಅನುಮಾನ ಬರುವುದಕ್ಕೆ ಸಾಮಾನ್ಯ ಕಾರಣ ಮಾತ್ರ ಎಡಿಟಿಂಗ್. ಮಗು ಎಂಟು ಸೆಕೆಂಡ್ ಯೋಚಿಸಿ ಹೇಳಿದ್ದು ಟಿವಿಯಲ್ಲಿ ತಕ್ಷಣ ಹೇಳಿದ ಹಾಗೆ ಕಾಣುತ್ತದೆ. ನೋಡುವವರು ಮೊದಲೇ ಗೊತ್ತಿತ್ತು ಅನ್ನುತ್ತಾರೆ. ನಿಮಗೆ ಅನುಮಾನ ಬರಬೇಕಾದ ಜಾಗ ಬೇರೆ ಇದೆ. ಆಯ್ಕೆಯಾದ ಮೇಲೆ ನೋಂದಣಿ, ಪ್ರೊಸೆಸಿಂಗ್ ಎಂದು ಯಾರಾದರೂ ಫೋನ್ ಮಾಡಿ ದುಡ್ಡು ಕೇಳಿದರೆ ಕೊಡಬೇಡಿ. ವಾಹಿನಿಯ ಕಚೇರಿಗೇ ಕರೆ ಮಾಡಿ ವಿಚಾರಿಸಿ.

ರೆಕಾರ್ಡಿಂಗ್ ದಿನ ಮಕ್ಕಳು ಸುಸ್ತಾಗುವುದು ಪ್ರಶ್ನೆಯಿಂದಲ್ಲ, ಕಾಯುವುದರಿಂದ. ಒಂದೇ ದಿನ ಹಲವು ಸಂಚಿಕೆ ಚಿತ್ರೀಕರಿಸುತ್ತಾರೆ. ಹತ್ತಕ್ಕೆ ಕರೆದು ನಾಲ್ಕಕ್ಕೆ ಕೂರಿಸಬಹುದು. ಬೇಲೂರಿನಿಂದ ಬೆಂಗಳೂರು ಸುಮಾರು 220 ಕಿ.ಮೀ. ಬೆಳಗಿನ ಜಾವದ ಬಸ್ಸಿಗೆ ಹೊರಟು ನೇರ ಸ್ಟುಡಿಯೊಗೆ ಹೋಗಬೇಡಿ, ಹಿಂದಿನ ರಾತ್ರಿಯೇ ಅಲ್ಲಿರಿ. ಸ್ಟುಡಿಯೊದಲ್ಲಿ ಎಸಿ ಜೋರಿರುತ್ತದೆ, ಸ್ವೆಟರ್ ಇರಲಿ. ಸಣ್ಣ ಗೀಟು, ಸಣ್ಣ ಚೌಕಳಿ ಇರುವ ಬಟ್ಟೆ ಕ್ಯಾಮೆರಾದಲ್ಲಿ ಅಲುಗಾಡಿದ ಹಾಗೆ ಕಾಣುತ್ತದೆ. ನಿಮ್ಮ ಸಮವಸ್ತ್ರ ಹಾಗಿದ್ದರೆ ಮೊದಲೇ ತಿಳಿಸಿ. ಪೋಷಕರ ಒಪ್ಪಿಗೆ ಪತ್ರ ಕೈಯಲ್ಲಿರಲಿ. ಪ್ರಸಾರ ಆಗುವವರೆಗೆ ಫಲಿತಾಂಶ ಹೇಳಬಾರದು ಎಂದು ಬರೆಸಿಕೊಳ್ಳುತ್ತಾರೆ. ಊರಿಗೆ ಬಂದ ಮೇಲೆ ವಾಟ್ಸಾಪ್ ಸ್ಟೇಟಸ್ ಹಾಕದಂತೆ ಪೋಷಕರಿಗೂ ಹೇಳಿಡಿ.

ತಂಡದ ಆಯ್ಕೆ ಬಗ್ಗೆ ಹೆಡ್‌ಮಾಸ್ಟರ ಕಾಳಜಿ ಅರ್ಥವಾಗುತ್ತದೆ, ಶಾಲೆಯ ಹೆಸರು ಟಿವಿಯಲ್ಲಿ ಬರುತ್ತದೆ ಅಲ್ವಾ. ಆದರೆ ಮೊದಲು ನಿಯಮ ನೋಡಿ. ಆಯ್ಕೆ ಸುತ್ತಿನಲ್ಲಿ ಆಡಿದವರನ್ನು ಬದಲಾಯಿಸಿದರೆ ತಂಡವೇ ಅನರ್ಹ ಅನ್ನುವ ಷರತ್ತು ಕೆಲವು ಕಡೆ ಇರುತ್ತದೆ. ಬದಲಾಯಿಸಬಹುದು ಅಂದರೆ ಒಂದು ಪರೀಕ್ಷೆ ಮಾಡಿ. ತಂಡದ ಮೂವರು, ಫಸ್ಟ್ ಬರುವವಳು, ಈ ನಾಲ್ವರನ್ನೂ ಬೇರೆ ಬೇರೆ ಕೂರಿಸಿ ಒಂದೇ 30 ಪ್ರಶ್ನೆ ಕೊಡಿ. ಒಬ್ಬೊಬ್ಬರ ಅಂಕ ಕೂಡಿಸಬೇಡಿ, ಸೇರಿ ಎಷ್ಟು ಪ್ರಶ್ನೆ ಮುಟ್ಟಿದರು ಅಂತ ನೋಡಿ. ಕ್ಯಾಪ್ಟನ್ 18 ಸರಿ, ಫಸ್ಟ್ ಬರುವವಳು 17 ಸರಿ, ಆದರೆ ಅದರಲ್ಲಿ 15 ಇಬ್ಬರಿಗೂ ಗೊತ್ತಿರುವುದೇ ಆದರೆ ಇಬ್ಬರೂ ಸೇರಿ ಮುಟ್ಟಿದ್ದು 20. ನಿಮ್ಮ ಬಜರ್ ಹುಡುಗ 11 ಮಾತ್ರ ಸರಿ ಮಾಡಿ, ಕ್ಯಾಪ್ಟನ್ ಜೊತೆ 5 ಮಾತ್ರ ಸಮಾನ ಆದರೆ ಸೇರಿ 24. ತಂಡಕ್ಕೆ ಬೇಕಾದವನು ಅವನೇ. ಒಂದೇ ಪಠ್ಯಪುಸ್ತಕ ಚೆನ್ನಾಗಿ ಓದಿದ ಮೂವರಿಗಿಂತ ಕ್ರಿಕೆಟ್, ಸಿನಿಮಾ, ಪೇಪರ್ ಓದುವ ಒಬ್ಬ ಜೊತೆಗಿರುವುದು ಟಿವಿ ಕ್ವಿಜ್‌ಗೆ ಒಳ್ಳೆಯದು. ಪರೀಕ್ಷೆಯಲ್ಲಿ ಫಸ್ಟ್ ಬರುವ ಹುಡುಗಿಯೇ ಹೆಚ್ಚು ಹೊಸ ಉತ್ತರ ತಂದರೆ ಅವಳನ್ನೇ ಕರೆದುಕೊಂಡು ಹೋಗಿ, ಅದರಲ್ಲಿ ತಪ್ಪಿಲ್ಲ. ಆಗ ಹುಡುಗನಿಗೆ ಲೆಕ್ಕ ತೋರಿಸಿ ಹೇಳಬಹುದು. ಆ ಒಂದು ಮೈನಸ್‌ಗಾಗಿ ತೆಗೆದರೆ ಮಾತ್ರ ಉಳಿದಿಬ್ಬರು ಬೆಂಗಳೂರಿನಲ್ಲಿ ಬಜರ್ ಮುಟ್ಟಲ್ಲ. ತಪ್ಪಿದರೆ ಏನಾಗುತ್ತದೆ ಅನ್ನೋದನ್ನು ಅವರು ಕಣ್ಣಾರೆ ನೋಡಿರುತ್ತಾರೆ. ಹೋಗದೆ ಇರುವ ದಾರಿಯೂ ಇದೆ. ಅಂಥ ನಿರ್ಧಾರಕ್ಕೆ ನನಗೆ ಕಾರಣ ಕಾಣಿಸಲಿಲ್ಲ.

ಹುಡುಗನ ಜೊತೆ ದಿನಾ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂತು ಹೀಗೆ ಮಾಡಿ. ಮೇಜಿನ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಇಡಿ, ಅದೇ ಬಜರ್. ನೀವು ಪ್ರಶ್ನೆ ನಿಧಾನವಾಗಿ ಓದಿ. ಅವನು ತಟ್ಟಿದ ಕ್ಷಣ ನಿಲ್ಲಿಸಿ. ಉತ್ತರ ಕೇಳಬೇಡಿ. 'ನಾನು ಮುಂದೆ ಏನು ಕೇಳುತ್ತೇನೆ ಹೇಳು' ಅನ್ನಿ. ಅವನು ಪ್ರಶ್ನೆಯನ್ನು ತಾನೇ ಪೂರ್ತಿ ಮಾಡಿದರೆ ಒತ್ತಿದ್ದು ಸರಿಯಾದ ಹೊತ್ತಿಗೆ. ಮಾಡೋಕಾಗದಿದ್ದರೆ, ಉತ್ತರ ಗೊತ್ತಿದ್ದರೂ, ಬೇಗ ಆಯಿತು. ಮೊದಲೆರಡು ದಿನ ಅವನಿಗೆ ಇದು ಕಷ್ಟವಾಗುತ್ತದೆ. ಮೂರನೇ ದಿನದಿಂದ ಬೇರೆ ಇಬ್ಬರನ್ನೂ ಕೂರಿಸಿ, ತಟ್ಟುವವನು ಇವನೇ ಇರಲಿ. ಬೇಗ ಒತ್ತುವ ಕೈ ಅವನಿಗೆ ಆಗಲೇ ಇದೆ, ಎಲ್ಲಿ ಒತ್ತಬೇಕು ಅನ್ನೋದನ್ನು ಮಾತ್ರ ನೀವು ಕಲಿಸಬೇಕಾಗಿರೋದು.